ಹಳೇ ಸ್ಪೋರ್ಟ್ಸ್ ಕಾರು: ತಗೋಬೇಕೋ, ಬಿಡಬೇಕೋ?



ನಮ್ಮ ಬಳಗದಲ್ಲಿ ಹದಿನೈದು ದಿನಗಳಿಂದ ಕಾವ್ಯಮೀಮಾಂಸೆ ಹಿಂದೆ ಸರಿದು ಮೋಟಾರು ಮೀಮಾಂಸೆ ನಡೆದಿದೆ. ಕಾರಣ, ನಮ್ಮೊಳಗಿನ ಒಬ್ಬ ಗೆಳೆಯ. ಊರು ನಿಪ್ಪಾಣಿ ಕಡೆಯದು. ಕೆಲಸ ಶಿರವಳದ ಒಂದು ಕಾರ್ಖಾನೆಯಲ್ಲಿ, ಕೋಣೆ ಭೋರ್‌ನಲ್ಲಿ. ಓದು ಮುಗಿದು ಮೂರು ವರ್ಷವಾದರೂ ನಮ್ಮ ಸಭೆಗಳನ್ನು ತಪ್ಪಿಸುವವನಲ್ಲ. ಭೋರ್‌ನ ಒಂದು ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿರುವ ಒಂದು ಗಾಡಿಯ ಮೇಲೆ ಅವನ ಮನಸ್ಸು ಕುಳಿತಿದೆ. ಗಾಡಿಯ ಹೆಸರು ಸ್ಯಾನ್ ಸ್ಟಾರ್ಮ್. 2003ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದದ್ದು. ಮಾಲೀಕರು ಕೇಳುವ ಬೆಲೆ ಒಂದು ಲಕ್ಷ ಎಂಬತ್ತು ಸಾವಿರ.

"ತಗೋಬ್ಯಾಡಪಾ, ಗುಜರಿ ಅದು" ಎಂದು ಬಳಗದ ಅರ್ಧ ಜನ. "ಈಗ ತಗೊಳ್ಳದಿದ್ರ ಮುದುಕ ಆದಮ್ಯಾಲೆ ತಗೋತೀಯೇನೋ?" ಎಂದು ಇನ್ನರ್ಧ ಜನ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ನಡುವೆ ನಮ್ಮ ಗೆಳೆಯ ಸಿಕ್ಕಿಕೊಂಡಿದ್ದಾನೆ. ಎರಡು ಕಡೆಯವರೂ ತೀರ್ಪು ಕೊಟ್ಟರೇ ಹೊರತು ಲೆಕ್ಕ ಕೊಡಲಿಲ್ಲ ಎಂಬುದು ನನ್ನ ತಕರಾರು. ಅದಕ್ಕೇ ಈ ಲೇಖನ.

ಮೊದಲು ಗಾಡಿ ಏನೆಂದು ತಿಳಿಯೋಣ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದ ಎರಡೇ ಆಸನಗಳ ಪುಟ್ಟ ಕಾರು ಇದು. ಮೇಲಿನ ಹೊದಿಕೆ ತೆರೆದರೆ ಆಕಾಶವೇ ಚಾವಣಿ. ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. ಎಂಜಿನ್ ಫ್ರಾನ್ಸಿನ ರೆನೋದ್ದು, 1,149 ಸಿ.ಸಿ., ಸುಮಾರು 60 ಅಶ್ವಶಕ್ತಿ. ಈ ಅರವತ್ತು ಕುದುರೆಗಳ ಮಾತು ಕೇಳಿ ಯಾರೂ ಬೆರಗಾಗಬೇಕಿಲ್ಲ. ಇಂದು ಬೀದಿಬೀದಿಯಲ್ಲಿ ಕಾಣುವ ಮಾರುತಿ ಸ್ವಿಫ್ಟಿಗೂ ಇದಕ್ಕಿಂತ ಹೆಚ್ಚು ಶಕ್ತಿ ಇದೆ. ಆದ್ದರಿಂದ ವೇಗಕ್ಕಾಗಿ ಈ ಕಾರು ಕೊಳ್ಳುತ್ತೇನೆ ಎನ್ನುವವನು ಆ ಮಾತನ್ನು ಇಲ್ಲಿಗೇ ಬಿಡಲಿ. ನೆಲಕ್ಕೆ ಹತ್ತಿರ ಕುಳಿತು, ತಲೆಯ ಮೇಲೆ ಗಾಳಿ ಆಡಿಸಿಕೊಂಡು, ಭಾಟಘರ್ ಅಣೆಕಟ್ಟಿನ ನೀರಿನ ಬದಿಗೆ ನಲವತ್ತರ ವೇಗದಲ್ಲಿ ಹೋಗುವ ಸುಖ ಬೇರೆ. ಅದು ಬೇಕು ಎಂದರೆ ಅದು ಒಪ್ಪುವಂಥ ಕಾರಣವೇ. ಸುಖಪಡುವ ಆಸೆಗೆ ನಾಚಿಕೆಪಡಬೇಕಿಲ್ಲ.

ನಮ್ಮ ಗೆಳೆಯ ಇನ್ನೊಂದು ಕಾರಣವನ್ನೂ ಮುಂದಿಡುತ್ತಾನೆ: "ಇದು ನಮ್ಮ ಬೆಂಗಳೂರಿನ ಗಾಡಿ. ಪರಊರಾಗ ಗುಜರಿ ಪಾಲಾಗೂದು ನೋಡ್ಕೊಂತ ಕೂಡ್ಲೇನು?" ಅಭಿಮಾನ ದೊಡ್ಡದು, ಒಪ್ಪಿದೆ. ಆದರೆ ಅಭಿಮಾನಿ ಹಳೆಯ ಕಥೆಯನ್ನೂ ಓದಿರಬೇಕು. ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ 1982ರ ಹೊತ್ತಿಗೆ ಡಾಲ್ಫಿನ್ ಎಂಬ ಫೈಬರ್ ಗ್ಲಾಸ್ ಮೈಯ ಪುಟ್ಟ ಕಾರು ತಂದಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ನಕ್ಷೆಯ ಮೇಲೆ ಕಟ್ಟಿದ್ದು. ಹಗುರವಾಗಿತ್ತು, ಪಂದ್ಯಗಳಲ್ಲಿಯೂ ಓಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಮುಂದೆ ಡಾಲ್ಫಿನ್ ಮರೆಯಾಯಿತು. ಸ್ಟಾರ್ಮ್ ಕೂಡ ಈಗ ತಯಾರಾಗುತ್ತಿಲ್ಲ. ಸಣ್ಣ ಸಂಖ್ಯೆಯಲ್ಲಿ ಹುಟ್ಟಿದ ಕಾರಿನ ಕಷ್ಟ ಅದು ಸತ್ತ ಮೇಲೆ ಶುರುವಾಗುತ್ತದೆ, ಮತ್ತು ಆ ಕಷ್ಟ ಬೀಳುವುದು ಎರಡನೆಯ, ಮೂರನೆಯ ಮಾಲೀಕನ ಪಾಲಿಗೆ.

"ರೆನೋ ಎಂಜಿನ್ ಅಲ್ಲೇನ್ರಿ, ಸ್ಪೇರ್ ಪಾರ್ಟ್ ಸಿಗ್ತಾವ" ಎಂದು ಒಬ್ಬರು ಸಭೆಯಲ್ಲಿ ವಾದಿಸಿದರು. 2007ರಲ್ಲಿ ಮಹೀಂದ್ರಾ ಜೊತೆಗೂಡಿ ಬಂದ ಲೋಗನ್, 2015ರಲ್ಲಿ ಬಂದ ಕ್ವಿಡ್, ಎರಡೂ ರೆನೋ ಮನೆತನದವೇ ನಿಜ. ಆದರೆ ಎಂಜಿನ್‌ಗಳು ಬೇರೆ ಬೇರೆ. ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ಅಣ್ಣನ ಅಂಗಿ ತಮ್ಮನಿಗೆ ಆಗುವುದಿಲ್ಲ. ಟೈರು, ಬ್ಯಾಟರಿ, ಬಲ್ಬು, ಆಯಿಲ್ ಎಲ್ಲಿಯಾದರೂ ಸಿಕ್ಕಾವು. ಮುಂದಿನ ಗಾಜು ಒಡೆದರೆ? ಬಾಗಿಲ ಹಿಡಿ ಮುರಿದರೆ? ಹುಡುಕಬೇಕು, ಮಾಡಿಸಬೇಕು, ಕಾಯಬೇಕು. ಅಲ್ಲಿಯವರೆಗೆ ಗಾಡಿ ನಿಂತಿರುತ್ತದೆ. ನನ್ನ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಗಾಡಿ ಮೂರು ತಿಂಗಳು ನಿಂತರೆ ನಿನ್ನ ಕೆಲಸ ನಿಲ್ಲುತ್ತದೋ ಇಲ್ಲವೋ? ನಿಲ್ಲುತ್ತದೆ ಎಂದಾದರೆ ಈ ಕಾರು ಬೇಡವೇ ಬೇಡ. ನಮ್ಮ ಗೆಳೆಯ ಕಾರ್ಖಾನೆಯ ಬಸ್ಸಿಗೆ ಹೋಗುತ್ತಾನೆ, ಪುಣೆಗೆ ಎಸ್.ಟಿ.ಯ ಕೆಂಪು ಬಸ್ಸಿದೆ. ಇಷ್ಟರಮಟ್ಟಿಗೆ ಅವನು ಪಾಸು.

ಇನ್ನು ಕಾಗದಪತ್ರ. ಇದನ್ನು ಹುಡುಗರು ಹಗುರ ಮಾಡುತ್ತಾರೆ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2003ರ ಈ ಗಾಡಿಗೆ 2018ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಆಗಿರಬೇಕು. ಆಗಿದೆಯೋ ಇಲ್ಲವೋ ಆರ್.ಸಿ. ಪುಸ್ತಕದಲ್ಲಿ ಕಣ್ಣಾರೆ ನೋಡಬೇಕು. ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10,000 ಆಯಿತು. ಕರ್ನಾಟಕದ ಗಾಡಿಯನ್ನು ಭೋರ್‌ನಲ್ಲಿ ಇಟ್ಟುಕೊಳ್ಳುವುದಾದರೆ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹನ್ನೆರಡು ತಿಂಗಳ ಆಚೆಗೆ ಹಳೆಯ ನಂಬರಿನಲ್ಲಿ ಓಡಿಸುವಂತಿಲ್ಲ. ಬೆಂಗಳೂರಿನ ಆರ್.ಟಿ.ಓ.ದಿಂದ ಎನ್.ಓ.ಸಿ. ತರಬೇಕು, ಪುಣೆಯಲ್ಲಿ ಎಂ.ಎಚ್. 12 ನಂಬರು ಪಡೆಯಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಹಳೆಯ ಗಾಡಿಗೆಂದು ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಇದೆ. "ವಿಂಟೇಜ್ ಅಂತ ಮಾಡಿಸಿದ್ರಾತು" ಎನ್ನುವ ಜಾಣರು ಕೇಳಿರಿ: 2021ರ ನಿಯಮದಂತೆ ಆ ಮರ್ಯಾದೆ 50 ವರ್ಷ ದಾಟಿದ ವಾಹನಕ್ಕೆ ಮಾತ್ರ. ಇಪ್ಪತ್ತು ಚಿಲ್ಲರೆ ವರ್ಷದ ಕಾರು ನಡುವಯಸ್ಸಿನ ಗೃಹಸ್ಥನ ಹಾಗೆ. ಹೊಸದರ ಚೆಂದವಿಲ್ಲ, ಹಳೆಯದರ ಗೌರವವಿಲ್ಲ, ಖರ್ಚು ಮಾತ್ರ ಎರಡರದ್ದೂ.

ಇನ್ನು ಗಾಡಿಯನ್ನು ನೋಡುವ ಬಗೆ. ನಮ್ಮ ಹಳ್ಳಿಯ ರೈತ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೋಡಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಕಾರಿಗೂ ಅದೇ ಪಾಠ. ನೀವು ಹೋಗುವ ಮುಂಚೆ ಎಂಜಿನ್ ಚಾಲೂ ಮಾಡಬೇಡಿರೆಂದು ಮಾಲೀಕರಿಗೆ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿರಿ. ತಣ್ಣಗಿನ ಎಂಜಿನ್ ಹೇಗೆ ಎದ್ದೇಳುತ್ತದೆ ಎಂಬುದರಲ್ಲಿ ಅದರ ಅರ್ಧ ಜಾತಕವಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ಅಂಟಿದ್ದರೆ ನೀರು ಸೇರಿರುವ ಅನುಮಾನ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 1412 ಎಂದಿದ್ದರೆ 2012ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು. ಹಲ್ಲು ಎಷ್ಟೇ ಉಳಿದಿರಲಿ, ಅಂಥ ಟೈರು ಮುದಿ ಟೈರು. ಫೈಬರ್ ಗ್ಲಾಸಿಗೆ ತುಕ್ಕು ಹಿಡಿಯದು, ಆದರೆ ಅದರ ಬಿರುಕನ್ನು ಬಣ್ಣದಡಿ ಮುಚ್ಚುವುದು ಸುಲಭ. ಅಲ್ಲದೆ ಆ ಮೈ ಕೆಳಗಿನ ಚಾಸಿ ಕಬ್ಬಿಣದ್ದು. ಭೋರ್‌ನ ಮಳೆಗಾಲ ಎಂಥದೆಂದು ವರಂಧಾ ಘಾಟಿನ ಕಡೆ ಹೋದವರಿಗೆ ಗೊತ್ತು. ಗಾಡಿಯನ್ನು ಎತ್ತಿಸಿ ಅಡಿಯಿಂದ ನೋಡದೆ ಮುಂಗಡ ಕೊಡಬಾರದು. ಈಗ ಬಂಕುಗಳಲ್ಲಿ ಬರುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. 2003ರ ರಬ್ಬರ್ ಪೈಪು, ಸೀಲುಗಳು ಅದನ್ನು ಲೆಕ್ಕದಲ್ಲಿಟ್ಟು ಮಾಡಿದವಲ್ಲ. ಅವುಗಳನ್ನು ಬದಲಿಸುವ ಖರ್ಚನ್ನೂ ಮೊದಲೇ ಹಿಡಿಯಬೇಕು. ಇವೆಲ್ಲ ನಿಮಗೆ ತಿಳಿಯದಿದ್ದರೆ ತಿಳಿದ ಮೆಕ್ಯಾನಿಕ್ ಒಬ್ಬನನ್ನು ಕೂಲಿ ಕೊಟ್ಟು ಕರೆದೊಯ್ಯಿರಿ. ಮಾರುವವರ ಕಡೆಯ ಮೆಕ್ಯಾನಿಕ್ ಮಾತ್ರ ಬೇಡ.

ಈಗ ಮುಖ್ಯವಾದ ಲೆಕ್ಕ. ಗೆಳೆಯನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸಂಬಳ ತಿಂಗಳಿಗೆ 24,000. ಊರಿಗೆ ಕಳಿಸುವುದು 8,000. ಬಾಡಿಗೆ, ಮೆಸ್ಸು 7,000. ಉಳಿಯುವುದು 9,000. ಕೈಯಲ್ಲಿರುವುದು ಸುಮಾರು 2,40,000. ಅಂದರೆ ಎರಡೂಕಾಲು ವರ್ಷ ಸಿನಿಮಾ, ಹೋಟೆಲು ಬಿಟ್ಟು ಕೂಡಿಸಿದ ದುಡ್ಡು. ಅದರಲ್ಲಿ 1,80,000 ಕೊಟ್ಟುಬಿಟ್ಟರೆ 60,000 ಉಳಿಯಿತು. ನಾಲ್ಕು ಟೈರು, ಬ್ಯಾಟರಿ, ಬ್ರೇಕು, ಪೈಪುಗಳು, ನಂಬರು ಬದಲಾವಣೆ, ತೆರಿಗೆ, ವಿಮೆ. ಅರವತ್ತು ಸಾವಿರ ಎಲ್ಲಿ ಹೋಯಿತೆಂದು ಕೇಳುವಷ್ಟರಲ್ಲಿ ಖಾಲಿ. ಆ ಹೊತ್ತಿಗೆ ಊರಿಂದ ಫೋನು ಬಂತು, ಅಪ್ಪನಿಗೆ ಆಸ್ಪತ್ರೆ ಎಂದರು ಅನ್ನಿ. ಕಾರು ಮಾರಿದರಾಯಿತೆ? ನೂರು ಜನ ನಿಂತು ನೋಡುವ ಕಾರನ್ನು ಕೊಳ್ಳಲು ಒಬ್ಬನೂ ಬರುವುದಿಲ್ಲ. ಅದೇ ಕಾರಣಕ್ಕಲ್ಲವೆ ಅದು ಇಷ್ಟು ದಿನ ತಾಡಪತ್ರಿಯ ಕೆಳಗೆ ಉಳಿದಿರುವುದು?

ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮಗ ಕೂಡಿಸಿದ ದುಡ್ಡಿಗೆ ಹತ್ತು ಕೈಗಳು ಮುಂಚೆಯೇ ಚಾಚಿರುತ್ತವೆ. ತಂಗಿಯ ಮದುವೆ, ಮನೆಯ ಹಂಚು, ಸೊಸೈಟಿ ಸಾಲ. ಇವನ್ನೆಲ್ಲ ಮುಗಿಸಿಯೇ ಸುಖಪಡಬೇಕೆಂದರೆ ಯಾರೂ ಎಂದೂ ಸುಖಪಡಲಾರರು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಉಪದೇಶಿಸುವ ಹಿರಿಯರ ಬಗ್ಗೆ ಗೌರವವಿದೆ. ಆದರೆ ಜೀವನಪೂರ್ತಿ ಮುದುರಿಕೊಂಡೇ ಮಲಗು ಎಂದು ಗಾದೆ ಹೇಳುವುದಿಲ್ಲ. ಹಾಸಿಗೆ ಅಳೆದು ನೋಡು ಎನ್ನುತ್ತದೆ, ಅಷ್ಟೆ. ಸಂಸ್ಥಾನವಿದ್ದ ಕಾಲದಲ್ಲಿ ಮೋಜಿನ ಮೋಟಾರು ಅರಮನೆಗೆ ಸೇರಿದ್ದು. ಭೋರ್ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಹೋಯಿತು. ಇಂದು ಅದೇ ಊರಿನಲ್ಲಿ ಒಬ್ಬ ಕಾರ್ಮಿಕನ ಮಗ ಎರಡಾಸನದ ಕಾರಿನ ಕನಸು ಕಂಡರೆ ನಗುವಂಥದ್ದೇನಿದೆ?

ಆದ್ದರಿಂದ ನನ್ನ ಅಭಿಪ್ರಾಯ ಇದು. ಕೈಯಲ್ಲಿರುವ ದುಡ್ಡನ್ನು ಮೂರು ಪಾಲು ಮಾಡು. ಒಂದು ಪಾಲು ಗಾಡಿಯ ಬೆಲೆಗೆ. ಒಂದು ಪಾಲು ಅದನ್ನು ರಸ್ತೆಗೆ ಯೋಗ್ಯ ಮಾಡುವುದಕ್ಕೆ ಮತ್ತು ಕಾಗದಕ್ಕೆ. ಮೂರನೆಯದು ಮುಟ್ಟಬಾರದ ಪಾಲು, ಊರಿನದು. ನಮ್ಮ ಗೆಳೆಯನ ಲೆಕ್ಕದಲ್ಲಿ ಒಂದು ಪಾಲೆಂದರೆ 80,000. ಮಾಲೀಕರು ಅಷ್ಟಕ್ಕೆ ಇಳಿದು, ಎನ್.ಓ.ಸಿ. ತಾವೇ ತಂದುಕೊಟ್ಟು, ಚಾಸಿ ಗಟ್ಟಿಯೆಂದು ಮೆಕ್ಯಾನಿಕ್ ಹೇಳಿದರೆ, ತಗೋ ಮಾರಾಯ, ಸಂತೋಷವಾಗಿ ತಗೋ. ಇಳಿಯದಿದ್ದರೆ ಕೈಮುಗಿದು ಬಾ. ಸಾಲ ಮಾಡಿ ಮಾತ್ರ ಬೇಡ. ಓಡುವ ಗಾಡಿಗೆ ಕಂತು ಕಟ್ಟುವಾಗಲೇ ಮೈಮೇಲೆ ಬರುತ್ತದೆ, ನಿಂತ ಗಾಡಿಗೆ ಕಟ್ಟುವವನ ಪಾಡು ಕೇಳಬೇಡಿ. ಮತ್ತೊಂದು ಷರತ್ತು: ಕೊಳ್ಳುವ ಮೊದಲು ಅಪ್ಪನಿಗೆ ಹೇಳಬೇಕು. ಒಪ್ಪಿಗೆಗಾಗಿ ಅಲ್ಲ. ಬಚ್ಚಿಟ್ಟು ಕೊಂಡ ಕಾರಿನಲ್ಲಿ ನಿಪ್ಪಾಣಿಗೆ ಹೋಗಲಾಗುವುದಿಲ್ಲ, ಅದಕ್ಕೆ.

"80,000ಕ್ಕೆ ಅವರು ಕೊಡೂದಿಲ್ಲ" ಎಂದು ಗೆಳೆಯ ಮುಖ ಸಣ್ಣ ಮಾಡಿದ. ಕೊಡಲಿಕ್ಕಿಲ್ಲ. ಹಾಗಾದರೆ ಇನ್ನೊಂದು ವರ್ಷ ಕೂಡಿಸಲಿ. ತಿಂಗಳಿಗೆ 9,000ದಂತೆ ವರ್ಷಕ್ಕೆ 1,08,000 ಸೇರಿ ಪಾಲು 1,16,000 ಆಗುತ್ತದೆ. ಆಗ ಮಾತುಕತೆಗೆ ಕೂಡಬಹುದು. ಅಷ್ಟರಲ್ಲಿ ಗಾಡಿ ಬೇರೆಯವರ ಪಾಲಾದರೆ? ಆಗಲಿ. ಅವರು ಅದನ್ನು ಓಡಿಸಿದರೆ ಬೆಂಗಳೂರಿನ ಒಂದು ಗಾಡಿ ಬದುಕಿತು ಎಂದುಕೊಳ್ಳಲಿ. ಅಭಿಮಾನ ಇದ್ದದ್ದು ಗಾಡಿಯ ಮೇಲೋ ಅದರ ಒಡೆತನದ ಮೇಲೋ ಎಂಬುದು ಅವನಿಗೂ ಆಗ ತಿಳಿಯುತ್ತದೆ.

ಇದಕ್ಕೆ ಒಪ್ಪದವರು ಬಳಗದಲ್ಲಿ ಬಹಳ ಜನ ಇದ್ದಾರೆಂದು ಬಲ್ಲೆ. ಮುಂದಿನ ಸಂಚಿಕೆಗೆ ಬರೆಯಿರಿ. ಒಂದೇ ಬಿನ್ನಹ: ಬೈಯುವುದಾದರೆ ಲೆಕ್ಕ ಸಮೇತ ಬೈಯಿರಿ.