ದೂರವಾಣಿನಗರದ ಗಾಯಕ

ಕವಿತೆ ಅನ್ನವಿಕ್ಕದೆಂಬುದು ಹಳೆಯ ಮಾತು. ಕವಿತೆಯನ್ನು ಹಾಡುವವನ ಪಾಡು ಇನ್ನೂ ಕಷ್ಟದ್ದು. ಸಿ. ಅಶ್ವಥ್ (1939–2009) ಅವರಿಗೆ ಅನ್ನ ದೊರೆತದ್ದು ಬೆಂಗಳೂರಿನ ಹೊರವಲಯದ ದೂರವಾಣಿನಗರದಲ್ಲಿ. ಅಲ್ಲಿಯ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆಯಲ್ಲಿ ಅವರು ಕಾಲು ಶತಮಾನಕ್ಕೂ ಮಿಕ್ಕಿ ದುಡಿದರು.

ಈ ಸಂಬಳವನ್ನು ನಮ್ಮ ವಿಮರ್ಶಕರು ಲೆಕ್ಕಕ್ಕೆ ಹಿಡಿದಂತಿಲ್ಲ. ಚಲನಚಿತ್ರವನ್ನೇ ನಂಬಿದ ಸಂಗೀತಗಾರನಿಗೆ ಬೇಂದ್ರೆಯವರ ಒಂದು ಪದ್ಯದ ಮುಂದೆ ದಿನಗಟ್ಟಲೆ ಕೂರುವ ಬಿಡುವೆಲ್ಲಿ? ತಿಂಗಳ ಸಂಬಳವುಳ್ಳವನು ಕೂರಬಲ್ಲ. ಶಿಶುನಾಳ ಷರೀಫ ಸಾಹೇಬರ ತತ್ತ್ವಪದಗಳು ನಗರದ ಮನೆಮನೆಗೂ ಬಂದದ್ದರ ಹಿಂದೆ ಆ ನಿಶ್ಚಿಂತೆಯ ಪಾಲೂ ಇದೆ. ಷರೀಫರನ್ನು ಕುರಿತ ನಾಗಾಭರಣರ ಚಿತ್ರ ತೆರೆಕಂಡ 1990ರಲ್ಲೂ ಅಶ್ವಥ್ ಕಾರ್ಖಾನೆಯ ನೌಕರರೇ.

ಅವರ ಏರುದನಿಯಲ್ಲಿ, ವಾದ್ಯಗಳ ಮೊಳಗಿನಲ್ಲಿ ಕವಿತೆಯ ಪಿಸುಮಾತು ಮುಳುಗಿತೆಂಬ ಆಕ್ಷೇಪವುಂಟು. ಕೆಲವು ಗೀತೆಗಳ ಮಟ್ಟಿಗೆ ನಾವೂ ಒಪ್ಪುತ್ತೇವೆ. ಆದರೆ 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ಕ್ಕೆ ನೆರೆದ ಜನಸಾಗರ ಕೇಳಲು ಬಂದದ್ದು ನಮ್ಮ ಕವಿಗಳನ್ನೇ ಅಲ್ಲವೆ?

ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲೂ ತಾವೇ ಹಾಡು ಕಟ್ಟಿ ಹಾಡುವ ತರುಣರಿದ್ದಾರೆ. ಸಂಬಳಕ್ಕೆ ಕೊರತೆಯಿಲ್ಲ, ಸಂಜೆ ಮಾತ್ರ ವಾಹನಗಳ ಸಾಲಿನಲ್ಲೇ ಕಳೆದುಹೋಗುತ್ತದೆ. ಅಲ್ಲಿಯ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೊಮ್ಮೆ ಹೊರಗಿನ ಗಾಯಕರನ್ನು ಕರೆಸಿದರೆ ಸಾಲದು. ತಮ್ಮ ನಡುವಿನ ಇಂಥವರಿಗೆ, ಕೆಲಸದ ಜಾಗದ ಸಮೀಪದಲ್ಲೇ, ವಾರಕ್ಕೊಂದು ಸಂಜೆ ಒಂದು ವೇದಿಕೆಯನ್ನು ಬಿಟ್ಟುಕೊಡಬೇಕು.