ಗೃಹಾರೋಗ್ಯ: ರೋಗದ ಹೆಸರೂ ಅದರ ಅರ್ಥವೂ

ಬೆಳಗಾವಿಯ ಸದಾಶಿವನಗರದಿಂದ ಓದುಗ ಸೋದರಿಯೊಬ್ಬರು ಬರೆದ ಪತ್ರವು ನಮ್ಮ ಈ ತಿಂಗಳ ವಿಚಾರಕ್ಕೆ ಕಾರಣವಾಗಿದೆ. ಆಸ್ಪತ್ರೆಯಿಂದ ಮನೆಗೆ ಮರಳಿದ ಅವರ ಅತ್ತೆಯವರ ಕಾಗದದಲ್ಲಿ 'ಹೈಪೋಗ್ಲೈಸೀಮಿಯಾ' ಎಂದು ಬರೆದಿತ್ತಂತೆ. ಮನೆಯವರು ಅದನ್ನು ಸಕ್ಕರೆ ಏರಿದ ಲಕ್ಷಣವೆಂದು ಬಗೆದು, ಹಿರಿಯರ ಊಟವನ್ನು ಇನ್ನಷ್ಟು ತಗ್ಗಿಸಿದರು. ಎರಡೇ ದಿನಗಳಲ್ಲಿ ಆ ತಾಯಿಯವರು ಮೈಯೆಲ್ಲ ಬೆವತು, ಕಣ್ಣು ಕತ್ತಲೆಗಟ್ಟಿ ಬಿದ್ದರು. ಪುಣ್ಯವಶಾತ್ ಪ್ರಾಣಕ್ಕೆ ಅಪಾಯವಾಗಲಿಲ್ಲ. "ನಮಗೆ ತಿಳಿಯದ ಮಾತಿನಲ್ಲಿ ನಮ್ಮ ರೋಗವನ್ನು ಬರೆಯುವುದೇಕೆ?" ಎಂದು ಸೋದರಿಯವರು ಕೇಳಿದ್ದಾರೆ.

ಪ್ರಶ್ನೆಯು ನ್ಯಾಯವಾದುದು. ಬೆಳಗಾವಿಯ ಆಸ್ಪತ್ರೆಗಳ ಅಂಗಳದಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿಗಳು ಕೂಡಿಯೇ ಕೇಳಿಬರುತ್ತವೆ. ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಬಂದವರೂ ಅಲ್ಲಿರುತ್ತಾರೆ. ಕೈಗೆ ಬರುವ ಕಾಗದ ಮಾತ್ರ ಇಂಗ್ಲಿಷಿನದು. ಆ ಇಂಗ್ಲಿಷಿನ ಒಳಗಿರುವುದಾದರೂ ಬಹುಮಟ್ಟಿಗೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಧಾತುಗಳು. ಆದುದರಿಂದ ಇಂಗ್ಲಿಷ್ ಬಲ್ಲವರೂ ಇಲ್ಲಿ ಎಡವುವುದುಂಟು. ಆದರೆ ಈ ಶಬ್ದಗಳು ಕಾಣುವಷ್ಟು ಕಠಿಣವಲ್ಲ. ಸಂಸ್ಕೃತದ ಸಮಾಸಗಳನ್ನು ಬಿಡಿಸುವಂತೆ ಇವುಗಳನ್ನೂ ಬಿಡಿಸಬಹುದು.

ಮೇಲಿನ ಶಬ್ದವನ್ನೇ ನೋಡೋಣ. 'ಹೈಪೋ' ಎಂದರೆ ಕೆಳಗೆ ಅಥವಾ ಕಡಿಮೆ. 'ಗ್ಲೈಸ್' ಎಂಬುದು ಸಿಹಿಯನ್ನು ಸೂಚಿಸುವ ಧಾತು. ಕಡೆಯ 'ಈಮಿಯಾ' ರಕ್ತಕ್ಕೆ ಸಂಬಂಧಿಸಿದುದು. ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿದೆಯೆಂದು ಒಟ್ಟರ್ಥ. 'ಹೈಪರ್' ಎಂದಿದ್ದರೆ ಹೆಚ್ಚಾಗಿದೆಯೆಂದು ಅರ್ಥ. ಒಂದೆರಡು ಅಕ್ಷರಗಳ ಈ ಭೇದದಲ್ಲಿ ಉಪಚಾರವೇ ತಲೆಕೆಳಗಾಗುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಮಧುಮೇಹಿಗಳು ಎಚ್ಚರಗೊಳ್ಳತಕ್ಕದ್ದು. ಬೆವರು, ನಡುಕ, ತಡವರಿಸುವ ಮಾತು ಕಂಡೊಡನೆ, ರೋಗಿಗೆ ಎಚ್ಚರವಿದ್ದು ನುಂಗಬಲ್ಲರಾದರೆ, ಮೂರು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು; ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಶಬ್ದದ ಕೊನೆಯಲ್ಲಿ ಬರುವ 'ಐಟಿಸ್' ಎಂಬುದನ್ನು ಗಮನಿಸಿರಿ. ಟಾನ್ಸಿಲೈಟಿಸ್, ಅಪೆಂಡಿಸೈಟಿಸ್, ಕೀಲುಗಳ ಆರ್ಥ್ರೈಟಿಸ್, ಯಕೃತ್ತಿನ ಹೆಪಟೈಟಿಸ್, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಆ ಅಂಗವು ಉರಿಯೂತಕ್ಕೆ ಒಳಗಾಗಿದೆಯೆಂಬುದೇ ಇವುಗಳ ಅರ್ಥ. ಕ್ರಿಸ್ತಶಕದ ಮೊದಲ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇಂತಹ ಸ್ಥಿತಿಗೆ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದನು. ನಮ್ಮ 'ಉರಿಯೂತ'ವೆಂಬ ಪದವು ಉರಿ, ಊತಗಳೆಂಬ ಎರಡನ್ನು ತನ್ನೊಳಗೇ ಹಿಡಿದಿಟ್ಟುಕೊಂಡಿದೆ. ಆದರೆ 'ಐಟಿಸ್' ಎಂದ ಮಾತ್ರಕ್ಕೆ ರೋಗಾಣುಗಳೇ ಕಾರಣವೆಂದು ತಿಳಿಯಬಾರದು. ಕೀಲುಗಳ ಎಷ್ಟೋ ಉರಿಯೂತಗಳಿಗೆ ರೋಗಾಣುವಿನ ಸಂಬಂಧವೇ ಇಲ್ಲ. ಹೆಸರನ್ನು ಕಂಡು ಅಂಗಡಿಯಿಂದ ಆ್ಯಂಟಿಬಯೊಟಿಕ್ ಗುಳಿಗೆ ತಂದು ನುಂಗುವುದು ಹಾನಿಕರ.

ಪರಭಾಷೆಯ ಹೆಸರು ಅರ್ಥವಾಗದೆ ಕೆಡಕಾದರೆ, ನಮ್ಮದೇ ಭಾಷೆಯ ಹೆಸರು ಅತಿಯಾಗಿ ಅರ್ಥವಾಗಿ ಕೆಡಕಾಗುವುದೂ ಉಂಟು. ಇದಕ್ಕೆ ಸರ್ಪಸುತ್ತೇ ಸಾಕ್ಷಿ. ಬೆಳಗಾವಿ, ಖಾನಾಪುರಗಳ ಮರಾಠಿ ಮನೆಗಳಲ್ಲಿ ಇದಕ್ಕೆ 'ನಾಗೀಣ' ಎನ್ನುತ್ತಾರೆ. ವೈದ್ಯರು 'ಹರ್ಪಿಸ್ ಜೋಸ್ಟರ್' ಎಂದು ಬರೆಯುತ್ತಾರೆ. ಕೌತುಕವೇನೆಂದರೆ, ಗ್ರೀಕಿನ 'ಹರ್ಪಿಸ್' ತೆವಳುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಸಂಸ್ಕೃತದ 'ಸರ್ಪ'ವು ಅದಕ್ಕೆ ರಕ್ತಸಂಬಂಧಿಯಾದ ಧಾತುವಿನಿಂದಲೇ ಬಂದುದು. 'ಜೋಸ್ಟರ್' ಎಂದರೆ ನಡುಪಟ್ಟಿ. ಹೀಗೆ ದೂರದೂರದ ಜನರು ಒಂದೇ ರೋಗವನ್ನು ಕಂಡು ಹೆಚ್ಚು ಕಡಿಮೆ ಒಂದೇ ಹೆಸರನ್ನು ಇಟ್ಟರು.

ಹೆಸರಿನಲ್ಲಿ ಸರ್ಪವಿದೆಯೆಂದು ರೋಗದಲ್ಲಿ ಸರ್ಪವಿಲ್ಲ. ಬಾಲ್ಯದಲ್ಲಿ ಸಿಡುಬೆಯಂತೆ ಬಂದುಹೋದ ನೀರುಕೋಟಲೆಯ, ಎಂದರೆ ಚಿಕನ್ ಪಾಕ್ಸಿನ, ವೈರಸ್ಸೇ ನರಗಳ ಬುಡದಲ್ಲಿ ಎಷ್ಟೋ ವರ್ಷ ಮಲಗಿದ್ದು, ವಯಸ್ಸಾದಾಗ ಅಥವಾ ದೇಹದ ರಕ್ಷಣಾಶಕ್ತಿ ಕುಗ್ಗಿದಾಗ ಏಳುತ್ತದೆ. ಅದು ಒಂದು ನರದ ದಾರಿಯನ್ನೇ ಹಿಡಿದು ಹೊರಡುವುದರಿಂದ, ಗುಳ್ಳೆಗಳು ಸಾಮಾನ್ಯವಾಗಿ ದೇಹದ ಒಂದೇ ಮಗ್ಗುಲಲ್ಲಿ ನಿಲ್ಲುತ್ತವೆ. ತಲೆಬಾಲ ಕೂಡಿದರೆ ಮರಣವೆಂಬ ಭಯಕ್ಕೆ ಆಧಾರವಿಲ್ಲ. ನಿಜವಾದ ಭಯವು ಕಾಲಹರಣದಲ್ಲಿದೆ. ವೈರಸ್ಸನ್ನು ತಡೆಯುವ ಔಷಧವು ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭವಾದರೆ ಗುಣ ಹೆಚ್ಚು. ನಾಗದೋಷದ ಶಾಂತಿಗೆ ದಿನ ನೋಡುತ್ತ ಕುಳಿತಲ್ಲಿ ಈ ಮೂರು ದಿನಗಳು ಕಳೆದುಹೋಗುತ್ತವೆ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನರದ ಉರಿ ಉಳಿಯಬಹುದು. ಕಣ್ಣಿನ ಬಳಿ ಎದ್ದರೆ ದೃಷ್ಟಿಗೇ ಕೇಡು. ಪೂಜೆಯನ್ನು ಮಾಡುವವರು ಮಾಡಲಿ, ಆದರೆ ಮೊದಲು ವೈದ್ಯರ ಬಳಿಗೆ ಹೋಗಿಬರಲಿ.

ಕಾಡಿನ ನೆರೆಯಲ್ಲಿರುವವರು ತಿಳಿಯಬೇಕಾದ ಇನ್ನೊಂದು ಹೆಸರು 'ಮಂಗನ ಕಾಯಿಲೆ'. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟುದರಿಂದ, ವೈದ್ಯಗ್ರಂಥಗಳು ಅದನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತವೆ. ಜನರ ಹೆಸರು ಮಂಗನ ಮೇಲೆ ತಪ್ಪು ಹೊರಿಸುತ್ತದೆ. ನಿಜಕ್ಕೂ ಮಂಗವು ಈ ರೋಗಕ್ಕೆ ನಮ್ಮಂತೆಯೇ ತುತ್ತಾಗುವ ಪ್ರಾಣಿ. ರೋಗವನ್ನು ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ಕಾಡಿನ ಉಣುಗು. ಮಂಗನನ್ನು ಓಡಿಸಿ ನಿಶ್ಚಿಂತರಾಗಿ ತರಗೆಲೆ ಬಾಚುವವರಿಗೆ ಹೆಸರೇ ಮೋಸ ಮಾಡಿದಂತಾಯಿತು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಮರಳಿದ ಮೇಲೆ ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ವೈದ್ಯದ ಮಾತು ಕನ್ನಡಕ್ಕೆ ಹೊಸತೇನೂ ಅಲ್ಲ. ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ದನಕರುಗಳ ಚಿಕಿತ್ಸೆಗಾಗಿ 'ಗೋವೈದ್ಯ'ವನ್ನು ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಹೇಳಿದನು. ಅಮೃತನಂದಿಯು ವೈದ್ಯಪದಗಳಿಗೆ ನಿಘಂಟನ್ನೇ ರಚಿಸಿದನು. ನಮಗೆ ಹತ್ತಿರದ ಕಾಲದಲ್ಲಿ ಡಾ. ಡಿ. ಎಸ್. ಶಿವಪ್ಪನವರು ಇಂಗ್ಲಿಷ್ ವೈದ್ಯಪದಗಳನ್ನು ಕನ್ನಡಿಗರಿಗೆ ಬಿಡಿಸಿ ಹೇಳುವುದಕ್ಕೆ ಬಹಳ ಶ್ರಮಿಸಿದರು. ಶಬ್ದಗಳು ಸಿದ್ಧವಾಗಿವೆ; ಅವು ರೋಗಿಯ ಕಾಗದದವರೆಗೆ ಬರಬೇಕಾಗಿದೆ.

ಅದುವರೆಗೆ ಮನೆಯವರು ಮಾಡಬೇಕಾದುದು ಇಷ್ಟು. ವೈದ್ಯರು ರೋಗದ ಹೆಸರನ್ನು ಹೇಳಿದಾಗ ಸಂಕೋಚಪಡದೆ ಮೂರು ಪ್ರಶ್ನೆಗಳನ್ನು ಕೇಳಿರಿ. ಕೆಟ್ಟಿರುವ ಅಂಗ ಯಾವುದು? ಅಲ್ಲಿ ಹೆಚ್ಚಾದುದೇನು, ಕಡಿಮೆಯಾದುದೇನು? ಯಾವ ಲಕ್ಷಣ ಕಂಡರೆ ತಡಮಾಡದೆ ಮರಳಿ ಬರಬೇಕು? ಉತ್ತರಗಳನ್ನು ಆ ಕಾಗದದ ಹಿಂಬದಿಯಲ್ಲಿಯೇ ನಿಮ್ಮ ಭಾಷೆಯಲ್ಲಿ ಬರೆದುಕೊಳ್ಳಿರಿ. ಹೆಸರಿನ ಅರ್ಥ ತಿಳಿದವರು ವೈದ್ಯರಾಗುವುದಿಲ್ಲ, ನಿಜ. ಆದರೆ ವೈದ್ಯರು ಹೇಳಿದುದನ್ನು ವಿಪರೀತವಾಗಿ ಆಚರಿಸುವ ಭಯವು ಅವರಿಗೆ ತಪ್ಪುತ್ತದೆ.

ಔಷಧದ ಚೀಟಿಯಲ್ಲಿ ಬರುವ ಸಂಕ್ಷಿಪ್ತ ಅಕ್ಷರಗಳ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸುವೆವು.