ಕಾಫಿಯ ನೆಲೆಯನ್ನು ನಿರ್ಧರಿಸುವುದು ಯಾವುದು?

ಹವಾಮಾನ ಬದಲಾದಂತೆ ಕಾಫಿಯೂ ತನ್ನ ಜಾಗ ಬದಲಿಸಿಕೊಳ್ಳುತ್ತದೆ, ಅದಕ್ಕಾಗಿ ಗಾಬರಿಪಡಬೇಕಾದ್ದೇನೂ ಇಲ್ಲ ಎಂಬ ಮಾತು ಈಚೆಗೆ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದೆ. ತಗ್ಗಿನ ಇಳಿಜಾರು ಬಿಸಿಯಾದರೆ ಬೆಳೆ ಮೇಲಕ್ಕೆ ಹತ್ತುತ್ತದೆ, ಸಮಭಾಜಕದ ಆಸುಪಾಸು ಒಗ್ಗದಿದ್ದರೆ ಅದರಾಚೆಗೆ ಸರಿಯುತ್ತದೆ ಎಂಬುದು ಆ ಮಾತಿನ ತಿರುಳು. ಗಿಡದ ಮಟ್ಟಿಗೆ ಇದು ಅರ್ಧ ನಿಜ. ಕೃಷಿಯ ಮಟ್ಟಿಗೆ ಬಹುಪಾಲು ತಪ್ಪು. ಗಿಡಕ್ಕೆ ಬೇಕಾದದ್ದು ಹದವಾದ ಬಿಸಿಲು, ಮಳೆ, ಮಣ್ಣು. ತೋಟಕ್ಕೆ ಇವುಗಳ ಜೊತೆಗೆ ನೆರಳುಮರ, ನೀರಿನ ಮೂಲ, ಜಮೀನಿನ ಹಕ್ಕು, ಕೊಯ್ಲಿಗೆ ಬರುವ ಆಳುಗಳು ಎಲ್ಲವೂ ಬೇಕು, ಮತ್ತು ಇವು ಯಾವುವೂ ಉಷ್ಣತೆಯ ಹಿಂದೆ ನಡೆದುಹೋಗುವಂಥವಲ್ಲ.

ಲೆಕ್ಕವೇ ಮೊದಲು ಎಡವುತ್ತದೆ. ಅರೇಬಿಕಾ ಕಾಫಿಗೆ ವರ್ಷದ ಸರಾಸರಿ ಉಷ್ಣತೆ ಸುಮಾರು 18ರಿಂದ 23 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ನೂರು ಮೀಟರ್ ಮೇಲೇರಿದರೆ ಉಷ್ಣತೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಇಳಿಯುವುದರಿಂದ, ಎರಡು ಡಿಗ್ರಿ ಬಿಸಿಯೇರಿದ ಲೋಕದಲ್ಲಿ ಹಿಂದಿನ ತಂಪನ್ನೇ ಪಡೆಯಲು ಗಿಡ ಮುನ್ನೂರು ಮೀಟರಿಗಿಂತ ಹೆಚ್ಚು ಹತ್ತಬೇಕು. ಆದರೆ ಬೆಟ್ಟ ಮೇಲೇರಿದಂತೆ ಕಿರಿದಾಗುತ್ತದೆ, ಆದ್ದರಿಂದ ಕೆಳಗೆ ಕಳೆದುಕೊಂಡಷ್ಟು ನೆಲ ಮೇಲೆ ದೊರೆಯುವುದಿಲ್ಲ. ಕರ್ನಾಟಕದ ಅರೇಬಿಕಾ ತೋಟಗಳು ಈಗಾಗಲೇ ಸಾವಿರದೈನೂರು ಮೀಟರ್ ಎತ್ತರದವರೆಗೂ ಹಬ್ಬಿವೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಇರುವುದು ಸುಮಾರು 1930 ಮೀಟರ್. ತೋಟಗಳಿಂದ ಮೇಲಕ್ಕೆ ಉಳಿದಿರುವುದು ಹುಲ್ಲುಗಾವಲು ಮತ್ತು ಶೋಲಾ ಕಾಡು, ಅಂದರೆ ಕಣಿವೆಗಳ ಮಡಿಲಲ್ಲಿ ಬೆಳೆದು ಮಳೆನೀರನ್ನು ಹಿಡಿದಿಟ್ಟು ಹಳ್ಳಗಳಿಗೆ ಬಿಡುವ ಗಿಡ್ಡಮರಗಳ ದಟ್ಟ ಕಾಡು. ಕೆಳಗಿನ ತೋಟಗಳಿಗೆ ಬೇಸಿಗೆಯ ನೀರು ಬರುವುದು ಅಲ್ಲಿಂದಲೇ ಆಗಿರುವಾಗ, ಕಾಫಿಯನ್ನು ಉಳಿಸಲು ಅದನ್ನೇ ಕಡಿಯಬೇಕೆನ್ನುವುದು ವಿಚಿತ್ರ ಸಲಹೆಯೇ ಸರಿ.

ಇದಕ್ಕೆ ಎದುರಾಗಿ ನಿಲ್ಲುವ ಎರಡು ವಾದಗಳನ್ನು ಗೌರವದಿಂದಲೇ ಪರಿಶೀಲಿಸಬೇಕು. ಮೊದಲನೆಯದು ಇಥಿಯೋಪಿಯಾದ್ದು. ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಇಥಿಯೋಪಿಯಾದ ಸಂಶೋಧಕರೊಡನೆ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ಆ ದೇಶದ ಈಗಿನ ಕಾಫಿ ಪ್ರದೇಶದ ಶೇಕಡ 39ರಿಂದ 59ರಷ್ಟು ಈ ಶತಮಾನದೊಳಗೆ ಬೆಳೆಗೆ ಒಗ್ಗದಂತಾಗಬಹುದು. ಆದರೆ ಎತ್ತರದ ನೆಲಕ್ಕೆ ಸ್ಥಳಾಂತರಿಸಿ, ಕಾಡನ್ನು ಉಳಿಸಿ ಬೆಳೆಸಿದರೆ, ಒಗ್ಗುವ ಪ್ರದೇಶ ನಾಲ್ಕು ಪಟ್ಟು ಹಿಗ್ಗಲೂಬಹುದು. ಅರೇಬಿಕಾದ ತವರಿನಲ್ಲಿ ವಿಶಾಲವಾದ ಎತ್ತರದ ಪ್ರಸ್ಥಭೂಮಿಯಿದೆ, ಹಾಗಾಗಿ ಅಲ್ಲಿ ಇದು ಬರಿಯ ಕನಸಲ್ಲ. ಆ ಪ್ರಸ್ಥಭೂಮಿಯಲ್ಲಿ ಈಗಾಗಲೇ ಬೇರೆ ಬೆಳೆ ಬೆಳೆಯುತ್ತ, ಬೇರೆ ಊಟ ಉಣ್ಣುತ್ತ ಜನ ಬದುಕಿದ್ದಾರೆ ಎಂಬುದನ್ನು ಮಾತ್ರ ಅಧ್ಯಯನದ ನಕ್ಷೆ ಹೇಳಲಾರದು.

ಎರಡನೆಯದು ಇತಿಹಾಸದ ವಾದ. 1975ರ ಜುಲೈನಲ್ಲಿ ಬ್ರೆಜಿಲಿನ ಪರಾನಾ ರಾಜ್ಯದ ಕಾಫಿಗಿಡಗಳನ್ನು ಸುಟ್ಟಂತೆ ಕಪ್ಪಾಗಿಸಿದ, ಅದರಿಂದಲೇ ‘ಕರಿಹಿಮ’ ಎನಿಸಿಕೊಂಡ ಶೀತದ ನಂತರ, ಆ ದೇಶದ ಕಾಫಿ ಉತ್ತರದ ಮಿನಾಸ್ ಜೆರೈಸ್‌ನತ್ತ ಸರಿಯಿತು. ಅಲ್ಲಿನ ಹುಳಿಮಣ್ಣಿಗೆ ಸುಣ್ಣ ಬೆರೆಸಿ, ಸಮತಟ್ಟಾದ ಬಯಲಿನಲ್ಲಿ ಯಂತ್ರದಿಂದ ಕೊಯ್ಯುವ ಹೊಸ ತೋಟಗಳು ಎದ್ದವು. ಕಾಫಿ ಸ್ಥಳಾಂತರವಾದದ್ದು ನಿಜ. ಆದರೆ ಪರಾನಾದಲ್ಲಿ ಕಾಫಿಯಿದ್ದ ಜಾಗವನ್ನು ಸೋಯಾ, ಗೋಧಿ ಆಕ್ರಮಿಸಿದಾಗ, ಕಾಫಿಯನ್ನೇ ನೆಚ್ಚಿಕೊಂಡಿದ್ದ ಕೂಲಿಕಾರರೂ ಸಣ್ಣ ಗೇಣಿದಾರರೂ ಬೆಳೆಯ ಹಿಂದೆ ಹೋಗಲಿಲ್ಲ, ಅವರಲ್ಲಿ ಬಹಳಷ್ಟು ಜನ ಪಟ್ಟಣಗಳ ಅಂಚಿಗೆ ಹೋಗಿ ಸೇರಿದರು. ‘ಕಾಫಿ ಸರಿಯುತ್ತದೆ’ ಎನ್ನುವವರು ಬೆಳೆಯ ಹೆಸರಿನಲ್ಲಿ ಬೆಳೆಗಾರನ ಪ್ರಶ್ನೆಯನ್ನು ಮರೆಸುತ್ತಿದ್ದಾರೆ. ಸಿಸಿಲಿಯಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ನಾಲ್ಕು ಕಾಫಿಗಿಡ ಹಣ್ಣು ಬಿಟ್ಟಿತೆಂದು ಸಂಭ್ರಮಿಸುವ ವರದಿಗಳಿಗೆ ಉತ್ತರ ಕೊಡುವ ಅಗತ್ಯವಿಲ್ಲ.

ವಿಶ್ವದಾದ್ಯಂತ ಕಾಫಿಗೆ ಒಗ್ಗುವ ನೆಲ 2050ರ ವೇಳೆಗೆ ಸುಮಾರು ಅರ್ಧದಷ್ಟು ಕುಗ್ಗಬಹುದೆಂದು 2015ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಹೇಳಿತು. ಇಂಥ ಲೆಕ್ಕಾಚಾರಗಳೂ ಅವುಗಳ ನಕ್ಷೆಗಳೂ ನಿಂತಿರುವುದು ಹಲವು ವರ್ಷಗಳ ಸರಾಸರಿಯ ಮೇಲೆ. ಆದರೆ ಮಲೆನಾಡಿನ ಮತ್ತು ಕೊಡಗಿನ ಕಾಫಿ ನಿಂತಿರುವುದು ಸರಾಸರಿಯ ಮೇಲಲ್ಲ, ಮೊಗ್ಗನ್ನು ಅರಳಿಸುವ ಹೂಮಳೆಯ ಮೇಲೆ. ಕೊಯ್ಲು ಮುಗಿದ ಮೇಲಿನ ಒಣ ವಾರಗಳಲ್ಲಿ ಕಾಫಿಯ ಮೊಗ್ಗು ಬೆಳವಣಿಗೆ ನಿಲ್ಲಿಸಿ ಸುಪ್ತವಾಗಿರುತ್ತದೆ, ಮತ್ತು ಆ ಒಣಗುವಿಕೆಯಿಲ್ಲದೆ ಅದು ಅರಳಲು ಸಿದ್ಧವಾಗುವುದೇ ಇಲ್ಲ. ಫೆಬ್ರವರಿ, ಮಾರ್ಚ್ ಅಥವಾ ಏಪ್ರಿಲಿನಲ್ಲಿ ಒಂದು ಇಂಚಿಗೆ ಕಡಿಮೆಯಿಲ್ಲದ ಮಳೆ ಒಮ್ಮೆಗೇ ಬಿದ್ದರೆ ಎಂಟು-ಹತ್ತು ದಿನಗಳಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ. ಅಷ್ಟೇ ನೀರು ಮೂರು ಸಲ ಹನಿಹನಿಯಾಗಿ ಬಿದ್ದರೆ ಮೊಗ್ಗು ಅರೆಬರೆ ಬಿರಿದು ಕಮರುತ್ತದೆ. ಹೂ ಅರಳಿದ ದಿನವೇ ಮಳೆ ಹೊಯ್ದರೆ ಪರಾಗ ತೊಳೆದುಹೋಗುತ್ತದೆ. ತನ್ನದೇ ಪರಾಗದಿಂದ ಕಾಯಿಕಟ್ಟಲಾರದ, ಗಾಳಿಯನ್ನೂ ಹೆಜ್ಜೇನು ತುಡುವೆಗಳನ್ನೂ ನಂಬಿದ, ಕಾಫಿಯ ಇನ್ನೊಂದು ಬಗೆಯಾದ ರೊಬಸ್ಟಾಕ್ಕೆ ಇದು ದೊಡ್ಡ ಪೆಟ್ಟು. ಆಮೇಲೆ ಕೆಲವು ವಾರಗಳೊಳಗೆ, ಬೆಳೆಗಾರರು ‘ಬ್ಯಾಕಿಂಗ್’ ಎಂದು ಕರೆಯುವ ಎರಡನೆಯ ಮಳೆ ಬಂದರೆ ಮಾತ್ರ ಕಟ್ಟಿದ ಕಾಯಿ ಉಳಿಯುತ್ತದೆ. ಜನವರಿಯಲ್ಲಿ ಅಕಾಲದ ಮಳೆ ಬಿದ್ದರೆ ಒಂದು ಕಡೆ ಕಣದಲ್ಲಿ ಹರಡಿದ ಹಣ್ಣು ಬೂಷ್ಟು ಹಿಡಿಯುತ್ತದೆ, ಇನ್ನೊಂದು ಕಡೆ ಕೊಯ್ಲಾಗದ ಗಿಡದಲ್ಲಿಯೇ ಹೂ ಬಿರಿಯುತ್ತದೆ. ಇಂಥ ವರ್ಷದ ಒಟ್ಟು ಮಳೆ ಹಿಂದಿನ ವರ್ಷದಷ್ಟೇ ಇರಬಹುದು, ತಿಂಗಳ ಸರಾಸರಿಯಲ್ಲಿಯೂ ಏನೂ ಕಾಣದೆ ಹೋಗಬಹುದು, ನಕ್ಷೆಯಲ್ಲಿ ಆ ತೋಟ ಹಸಿರಾಗಿಯೇ ಉಳಿಯಬಹುದು.

ಅರೇಬಿಕಾ ಬಿಟ್ಟು ರೊಬಸ್ಟಾ ಹಾಕಿದರಾಯಿತು ಎಂಬ ಪರಿಹಾರವೂ ತೋರುವಷ್ಟು ಸರಳವಲ್ಲ. ಭಾರತದ ಕಾಫಿಯಲ್ಲಿ ರೊಬಸ್ಟಾದ ಪಾಲು ಈಗಾಗಲೇ ಹೆಚ್ಚು. ಅದು ಎಲೆತುಕ್ಕು ರೋಗವನ್ನೂ ಬಿಳಿ ಕಾಂಡಕೊರಕವನ್ನೂ ತಾಳಿಕೊಳ್ಳುತ್ತದೆ ಎಂಬುದು ದಿಟ, ಆದರೆ ವಿಯೆಟ್ನಾಂ ಮತ್ತು ಇಂಡೊನೇಷ್ಯಾದ ತೋಟಗಳ ಇಳುವರಿಯನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು, ಬಿಸಿಯನ್ನು ಅದು ಎಲ್ಲರೂ ನಂಬಿದಷ್ಟು ತಾಳಲಾರದೆಂದು ತೋರಿಸಿತು. ಅಲ್ಲದೆ ರೊಬಸ್ಟಾ ತೋಟಗಳು ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ನೀರಿಗೆ ಮೊರೆಹೋಗುತ್ತವೆ, ಅದೂ ಹಳ್ಳಕೊಳ್ಳಗಳು ಬತ್ತತೊಡಗುವ ಕಾಲದಲ್ಲಿಯೇ.

ಇರುವ ಜಾಗದಲ್ಲಿಯೇ ಉಳಿಯುವ ದಾರಿಯೊಂದಿದೆ, ಅದು ಹಳೆಯದೇ. ಹವಾಮಾನ ಕೇಂದ್ರದ ಉಷ್ಣಮಾಪಕ ಅಳೆಯುವುದು ಬಯಲಿನ ಗಾಳಿಯನ್ನು. ಹಾಲವಾಣ, ಹಲಸು, ಅತ್ತಿ, ನಂದಿ ಮರಗಳ ಕೆಳಗಿನ ಕಾಫಿಗಿಡ ಮಧ್ಯಾಹ್ನದ ಹೊತ್ತಿನಲ್ಲಿ ಅದಕ್ಕಿಂತ ಹಲವು ಡಿಗ್ರಿ ತಂಪಾದ ಗಾಳಿಯಲ್ಲಿರುತ್ತದೆ. ಮುನ್ನೂರು ಮೀಟರ್ ಹತ್ತಿ ಪಡೆಯಬೇಕಾದ ತಂಪಿನ ಒಂದು ಭಾಗ ಹೀಗೆ ನಿಂತಲ್ಲಿಯೇ ದೊರೆಯುತ್ತದೆ, ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ ಮೊಟ್ಟೆಯಿಡುವ ಕಾಂಡಕೊರಕವೂ ತಗ್ಗುತ್ತದೆ. ಆದರೆ ನೆರಳು ದಟ್ಟವಾದರೆ ಇಳುವರಿ ಇಳಿಯುತ್ತದೆ, ಮತ್ತು ಆ ನಷ್ಟವನ್ನು ಇಂದು ಬೆಳೆಗಾರನೊಬ್ಬನೇ ಹೊರುತ್ತಿದ್ದಾನೆ. ಹೊರದೇಶಗಳ ಬರದಿಂದ 2024ರಲ್ಲಿ ರೊಬಸ್ಟಾದ ಬೆಲೆ ದಾಖಲೆಯ ಮಟ್ಟಕ್ಕೇರಿದಾಗ, ಮರ ಸವರಿ ಇನ್ನಷ್ಟು ಬೆಳಕು ಬಿಡುವುದೇ ಲಾಭವೆನಿಸುವ ಸ್ಥಿತಿ ಬಂದಿತು. ಹವಾಮಾನದ ಏರುಪೇರೇ ಬೆಲೆಯ ಮೂಲಕ ನೆರಳಿನ ಮೇಲೆ ಕೊಡಲಿಯಾಗಿ ಬೀಳುವ ಬಗೆ ಇದು. ಹೊಸ ಪ್ರದೇಶಗಳಲ್ಲಿ ಕಾಫಿ ಹಬ್ಬಿಸಲು ನೆರವು ನೀಡುವ ಸರ್ಕಾರಗಳು, ಬೆಳೆದುನಿಂತ ಕಾಡುಮರವನ್ನು ತೋಟದಲ್ಲಿ ಉಳಿಸಿಕೊಂಡವನಿಗೂ ಮಳೆನೀರಿಗೆ ಕೆರೆ ತೋಡಿಕೊಂಡವನಿಗೂ ಪ್ರತಿವರ್ಷ ಏನನ್ನಾದರೂ ಸಲ್ಲಿಸುವ ಏರ್ಪಾಡನ್ನು ಅದಕ್ಕಿಂತ ಮೊದಲು ಮಾಡಬೇಕಿದೆ.